ಸರ್ಕಾರದ ಪರವಾಗಿ ‘ಇರಲಿ ಬಿಡಿ’ ಎನ್ನದಿರುವ ಬಗ್ಗೆ

ಸುತ್ತೋಲೆ

ಸಂಖ್ಯೆ: ಸಂಕಟ/ಖಾಸಗಿ/ಬಾಗಿಲು/ಒಂದು (ತೂತು ಸಹಿತ)

ವಿಷಯ: ಖಾಸಗಿಯವರ ಸ್ವತ್ತನ್ನು ಬೇರೊಬ್ಬರು ಒಡೆದಾಗ, ಕೆಡಿಸಿದಾಗ ಅಥವಾ ಸೌದೆ ಮಾಡಿದಾಗ ಸರ್ಕಾರವು ಏಕೆ ನೊಂದುಕೊಳ್ಳುತ್ತದೆ, ಹೇಗೆ ನೊಂದುಕೊಳ್ಳತಕ್ಕದ್ದು, ಮತ್ತು ಹಾಗೆ ನೊಂದಿರುವ ಅವಧಿಯಲ್ಲಿ ಸಿಬ್ಬಂದಿಯು ಬಾಯಿ ತಪ್ಪಿ ಕ್ಷಮಿಸದಿರುವ ಬಗ್ಗೆ.

ಉಲ್ಲೇಖ:
1. ದರ್ಜಿ ಅಕ್ಕನವರು ಅಳುತ್ತಾ ಕೊಟ್ಟ ದೂರು.
2. ಅದೇ ದರ್ಜಿ ಅಕ್ಕನವರು ನಗುತ್ತಾ ಕೊಟ್ಟ, ದೂರು ವಾಪಸು ಪಡೆಯುವ ಅರ್ಜಿ.
3. ಬಡಗಿಯವರು ಈ ಕಚೇರಿಯ ಮೆಟ್ಟಿಲ ಮೇಲೆ ನಿಂತು ಗಟ್ಟಿ ದನಿಯಲ್ಲಿ ನೀಡಿದ ಮೌಖಿಕ ಹೇಳಿಕೆ.
4. ಇದೇ ವಿಷಯದ ಹಿಂದಿನ ಸುತ್ತೋಲೆ (ಮೇಜಿನ ಕುಂಟು ಕಾಲಿನ ಕೆಳಗಿದ್ದು, ತೆಗೆದರೆ ಮೇಜು ಅಲುಗಾಡುವುದರಿಂದ ಪರಿಶೀಲಿಸಲಾಗಿಲ್ಲ).

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲ ಸಿಬ್ಬಂದಿಯ ಹಾಗೂ ಒಂದಾದರೂ ಬಾಗಿಲು ಹೊಂದಿರುವ ಎಲ್ಲ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಪೇಟೆ ಬೀದಿಯ ತಿರುವಿನಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿರುವ, ಬೀದಿಯವರೆಲ್ಲ ದರ್ಜಿ ಅಕ್ಕ ಎಂದೇ ಕರೆಯುವ ಮಹಿಳೆಯ ಅಂಗಡಿಗೆ ಒಂದು ಬಾಗಿಲಿತ್ತು. ಅದನ್ನು ಮಾಡಿಕೊಟ್ಟವರು ಗೋಡೆಗೆ ಗೋಡೆ ಅಂಟಿಕೊಂಡಿರುವ ಪಕ್ಕದ ಅಂಗಡಿಯ ಬಡಗಿ. ಬಡಗಿಯವರ ಕೆಲಸ ಅಚ್ಚುಕಟ್ಟು. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ಹವೆ ಥಂಡಿಯಾದಾಗ ಮರ ಉಬ್ಬಿ ಆ ಬಾಗಿಲು ನೆಲಕ್ಕೆ ತಿಕ್ಕುತ್ತಿತ್ತು. ಒಂದು ಮಧ್ಯಾಹ್ನ ಎರಡೂ ತೋಳಲ್ಲಿ ಬಟ್ಟೆ ಹೊತ್ತು, ಭುಜದಿಂದ ಬಾಗಿಲು ದೂಡಿ ದೂಡಿ ಸುಸ್ತಾದ ದರ್ಜಿ ಅಕ್ಕ ಗಿರಾಕಿಗಳ ಎದುರೇ, “ಇದನ್ನ ಮಾಡಿದೋನು ಬಡಗಿ ಅಲ್ಲ ಕಣ್ರೀ, ಸೌದೆ ಒಡೆಯೋನು!” ಎಂದುಬಿಟ್ಟರು.

ನಡುವಿನ ಗೋಡೆ ತೆಳುವಾಗಿತ್ತು. ಗಿರಾಕಿಗಳು ನಕ್ಕದ್ದೂ ಆಚೆ ಕೇಳಿಸಿತು. ಮರ ಕೆತ್ತುವ ಬಾಚಿಯನ್ನು ಕೈಯಲ್ಲಿ ಹಿಡಿದೇ ಬಂದ ಬಡಗಿಯವರು, “ಸೌದೆ ತಾನೇ? ತಗೋ ಸೌದೆ!” ಎಂದು ಬಾಗಿಲ ನಡುಮಧ್ಯಕ್ಕೆ ಬೀಸಿದರು. ತಲೆ ತೂರುವಷ್ಟು ದೊಡ್ಡ ತೂತಾಯಿತು. ಗಿರಾಕಿಗಳು ಅಳತೆ ಕೊಡದೆಯೇ ಮನೆಗೆ ಹೋದರು. ದರ್ಜಿ ಅಕ್ಕ ಅಳುತ್ತಾ ಠಾಣೆಗೆ ಹೋದರು.

ಮರುದಿನ ಬೆಳಿಗ್ಗೆ ಬಡಗಿಯವರು ಹೊಸ ಹಲಗೆ, ಮೊಳೆ, ಒಂದು ಜಗ್ಗು ಚಹಾ ಹಿಡಿದು ಬಂದು ತಲೆ ತಗ್ಗಿಸಿ ನಿಂತರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯಿದ್ದರೂ, ಅದು ಬಾಗಿಲಿಗೆ ಅನ್ವಯಿಸುವುದಿಲ್ಲವೆಂದು ಅವರು ನಂಬಿದ್ದರು. ದರ್ಜಿ ಅಕ್ಕ ಚಹಾ ಕುಡಿದರು, ನಕ್ಕರು, ದೂರು ವಾಪಸು ಕೊಡಿ ಎಂದು ಅರ್ಜಿಯನ್ನೂ ಬರೆದರು. ಅಷ್ಟರಲ್ಲಿ ಠಾಣೆಯಿಂದ ದೂರು ಬಂದು ಈ ಇಲಾಖೆಯಲ್ಲಿ ಕಡತ ತೆರೆದಾಗಿತ್ತು. ಮುರಿದ ಬಾಗಿಲನ್ನಾದರೂ ಮುಚ್ಚಬಹುದು, ತೆರೆದ ಕಡತವನ್ನು ಮುಚ್ಚಿದ ಉದಾಹರಣೆ ಈ ಇಲಾಖೆಯಲ್ಲಿಲ್ಲ. ಸದರಿ ಕಡತವು ಸುತ್ತಿ ಸುತ್ತಿ ಕೊನೆಗೆ ರವಾನೆ ವಿಭಾಗದ ಗುಮಾಸ್ತರೊಬ್ಬರ ಮೇಜಿನ ಮೇಲೆ ಬಿತ್ತು. ಹುಟ್ಟಿನಿಂದಲೇ ತುಟಿ ಅರಳಿಸಿಕೊಂಡಿರುವ ಇವರನ್ನು ಕಚೇರಿಯಲ್ಲಿ ನಗುಮುಖ ಎಂದು ಕರೆಯುವ ವಾಡಿಕೆಯಿದ್ದು, ಈ ಸುತ್ತೋಲೆಯಲ್ಲೂ ಹಾಗೆಯೇ ಕರೆಯಲಾಗಿದೆ.

ಆದಕಾರಣ, ಮುಂದೆ ಇಂಥ ಎಡವಟ್ಟು ಆಗದಂತೆ ಈ ಕೆಳಕಂಡ ನಿಯಮಗಳನ್ನು ವಿಧಿಸಲಾಗಿದೆ.

1. ಸ್ವತ್ತು ಯಾರದೇ ಆಗಿರಲಿ, ‘ನೊಂದವರು’ ಎಂಬ ಅಂಕಣದಲ್ಲಿ ‘ಸರ್ಕಾರ’ ಎಂದೇ ಬರೆಯತಕ್ಕದ್ದು. ಬಾಗಿಲಿನ ಒಡತಿಯು ಕೇವಲ ಸಾಕ್ಷಿ. ಆಕೆ ಸ್ವಂತವಾಗಿ ನೊಂದುಕೊಳ್ಳಲು ಅಡ್ಡಿಯಿಲ್ಲ. ಆದರೆ ಅದಕ್ಕೆ ಇಲಾಖೆಯ ಮೊಹರು ಹಾಕಲಾಗುವುದಿಲ್ಲ. ಈ ಬಗ್ಗೆ ಬಡಗಿಯವರು ಮೆಟ್ಟಿಲ ಮೇಲೆ ನಿಂತು, “ಮಾಡಿದೋನೂ ನಾನೇ, ಒಡೆದೋನೂ ನಾನೇ, ಸರಿ ಮಾಡ್ತೀನಿ ಅನ್ನೋನೂ ನಾನೇ. ಅಕ್ಕನ ಬಾಗಿಲು, ನನ್ನ ಬಾಚಿ. ನಡುವೆ ಸರ್ಕಾರಕ್ಕೆ ಎಲ್ಲಿ ಏಟು ಬಿತ್ತು ಸ್ವಾಮಿ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ!” ಎಂದು ಕೇಳಿರುತ್ತಾರೆ. ಪ್ರಶ್ನೆಯನ್ನು ಕಿಟಕಿಯಲ್ಲಿ ಕೇಳದೆ ಮೆಟ್ಟಿಲಲ್ಲಿ ಕೇಳಿರುವುದರಿಂದ ಉತ್ತರಿಸುವ ಅಗತ್ಯ ಕಂಡುಬರಲಿಲ್ಲ. ಕಿಟಕಿಯಲ್ಲಿ ಕೇಳಿದ್ದರೂ ಆ ದಿನ ಕಚೇರಿಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

2. ಒಡೆದ ಬಾಗಿಲು ಸರ್ಕಾರದ ನೋವಿಗೆ ಏಕೈಕ ಪುರಾವೆಯಾಗಿರುವುದರಿಂದ, ಪ್ರಕರಣ ಮುಗಿಯುವವರೆಗೆ ಅದನ್ನು ಮುರಿದ ಸ್ಥಿತಿಯಲ್ಲೇ ಸುಸ್ಥಿತಿಯಲ್ಲಿಡತಕ್ಕದ್ದು.

(ಅ) ಬಡಗಿಯವರು ತಂದ ಹಲಗೆಯನ್ನು ಬಾಗಿಲಿಗೆ ಹೊಡೆಯತಕ್ಕದ್ದಲ್ಲ. ಹೊಡೆದರೆ ಸರ್ಕಾರದ ನೋವನ್ನು ಅನುಮತಿಯಿಲ್ಲದೆ ಶಮನಗೊಳಿಸಿದ ಇನ್ನೊಂದು ಆರೋಪ ಸೇರಿಸಲಾಗುವುದು.

(ಆ) ತೂತಿನ ಮೂಲಕ ಕೈ ಹಾಕಿದರೆ ಒಳಗಿನ ಚಿಲಕ ಸಿಗುವುದರಿಂದ, ದರ್ಜಿ ಅಕ್ಕ ಪ್ರತಿ ಸಂಜೆ ಗಿರಾಕಿಗಳ ಅರ್ಧ ಹೊಲಿದ ಬಟ್ಟೆಗಳನ್ನೆಲ್ಲ ಹೊದಿಕೆಯಲ್ಲಿ ಗಂಟು ಕಟ್ಟಿ, ಬೆನ್ನ ಮೇಲೆ ಹೇರಿಕೊಂಡು ಮನೆಗೆ ಒಯ್ದು, ಬೆಳಿಗ್ಗೆ ಮತ್ತೆ ಹೊತ್ತು ತರುತ್ತಿದ್ದಾರೆ. ಹೊಲಿಗೆ ಯಂತ್ರವನ್ನು ಕಿಟಕಿಯ ಸರಳಿಗೆ ಸರಪಳಿಯಿಂದ ಕಟ್ಟಲಾಗಿದೆ. ಇದು ವ್ಯಾಯಾಮದ ದೃಷ್ಟಿಯಿಂದ ಒಳ್ಳೆಯದೆಂದು ಇಲಾಖೆಯು ಅಭಿಪ್ರಾಯಪಟ್ಟಿತ್ತು. ಆಕೆಯ ಸೊಂಟವು ಅಭಿಪ್ರಾಯಪಡಲಿಲ್ಲ.

(ಇ) ಸದರಿ ತೂತಿನಿಂದ ಬೆಕ್ಕೊಂದು ಒಳಹೊಕ್ಕು ಬಟ್ಟೆ ಚೂರಿನ ಬುಟ್ಟಿಯಲ್ಲಿ ಮರಿ ಹಾಕಿರುತ್ತದೆ. ಬೆಕ್ಕನ್ನು ಅತಿಕ್ರಮ ಪ್ರವೇಶಿಯೆಂದು ಪರಿಗಣಿಸತಕ್ಕದ್ದಲ್ಲ. ಮರಿಗಳು ಘಟನೆಯ ನಂತರ ಹುಟ್ಟಿರುವುದರಿಂದ ಸಾಕ್ಷಿಗಳಾಗಿ ಕರೆಯತಕ್ಕದ್ದಲ್ಲ.

3. ನ್ಯಾಯಾಲಯದಲ್ಲಿ ಬಡಗಿಯವರು ತಪ್ಪೊಪ್ಪಿಕೊಂಡು ಕ್ಷಮೆ ಕೇಳಲು ದರ್ಜಿ ಅಕ್ಕನತ್ತ ತಿರುಗಿದಾಗ, ಸರ್ಕಾರಿ ವಕೀಲರು ಎದ್ದು ನಿಂತು, ಆಕೆ ಬರೀ ಸಾಕ್ಷಿ, ನೊಂದಿರುವುದು ಸರ್ಕಾರ ಎಂದು ಆಕ್ಷೇಪಿಸಿದರು. ಬಡಗಿಯವರು ಕೋರ್ಟಿನ ಮೂಲೆ ಮೂಲೆಗೂ ಕಣ್ಣಾಡಿಸಿ, “ಆಯ್ತು, ಸರ್ಕಾರ ಎಲ್ಲಿದೆ ತೋರ್ಸಿ, ಅವರನ್ನೇ ಕೇಳ್ಕೋತೀನಿ” ಎಂದರು. ನ್ಯಾಯಾಧೀಶರಿಗೆ ಇದು ನ್ಯಾಯವೆಂದು ಕಂಡು, ನೊಂದವರನ್ನು ಮುಂದಿನ ವಿಚಾರಣೆಗೆ ಹಾಜರುಪಡಿಸುವಂತೆ ಇಲಾಖೆಗೆ ಆದೇಶಿಸಿದರು. ಆದ್ದರಿಂದ ಪ್ರತಿ ಕಚೇರಿಯಲ್ಲೂ ಒಬ್ಬ ‘ಸಂಕಟ ಪ್ರತಿನಿಧಿ’ಯನ್ನು ನೇಮಿಸತಕ್ಕದ್ದು. ಇವರು ಸರ್ಕಾರದ ಪರವಾಗಿ ನೋಯುವರು.

4. ಸಂಕಟ ಪ್ರತಿನಿಧಿಯ ಆಯ್ಕೆಯಲ್ಲಿ ಮುಖವನ್ನು ಕಡ್ಡಾಯವಾಗಿ ಪರಿಗಣಿಸತಕ್ಕದ್ದು. ಈ ಪ್ರಕರಣದಲ್ಲಿ ಉಳಿದವರಿಗೆಲ್ಲ ಹೆಚ್ಚುವರಿ ಕೆಲಸವಿದೆ ಎಂಬ ಒಂದೇ ಕಾರಣಕ್ಕೆ ನಗುಮುಖ ಅವರನ್ನು ನೇಮಿಸಲಾಯಿತು. ಅವರು ಕೈಮುಗಿದು, “ಸಾರ್, ನಂಗೆ ಅಳು ಬರಲ್ಲ, ನಮ್ಮತ್ತೆ ತೀರ್ಕೊಂಡಾಗ್ಲೂ ಜನ ತಪ್ಪು ತಿಳ್ಕೊಂಡ್ರು” ಎಂದು ವಿನಂತಿಸಿದ್ದನ್ನು ತಿರಸ್ಕರಿಸಲಾಯಿತು. ನಂತರ ಅವರಿಗೆ ಕೆಳಕಂಡ ತರಬೇತಿ ನೀಡಲಾಯಿತು: ಕಚೇರಿಯ ಕನ್ನಡಿಯೆದುರು ಹುಬ್ಬು ಗಂಟಿಕ್ಕುವುದು, ಉಸಿರನ್ನು ಎಳೆದು ನಿಧಾನವಾಗಿ ಬಿಡುವುದು, ಚಹಾ ಬಂದಾಗ ಅತ್ತ ನೋಡದಿರುವುದು. ಮೂರನೆಯದರಲ್ಲಿ ಅವರು ಅನುತ್ತೀರ್ಣರಾದರು. ಮನೆಯಲ್ಲಿ ಅಭ್ಯಾಸ ಮಾಡುವಾಗ ಅವರ ಹೆಂಡತಿ ಗಾಬರಿಯಾಗಿ ಹೊಟ್ಟೆನೋವಿನ ಔಷಧಿ ಕುಡಿಸಿದರು. ಅದರ ವೆಚ್ಚವನ್ನು ಇಲಾಖೆಯು ಭರಿಸುವುದಿಲ್ಲ.

5. ವಿಚಾರಣೆಯ ದಿನ ನಗುಮುಖ ಅವರು ನ್ಯಾಯಾಲಯದಲ್ಲಿ ಹುಬ್ಬು ಗಂಟಿಕ್ಕಿ ನಿಂತರು. ಗಂಟು ಚೆನ್ನಾಗಿಯೇ ಬಿದ್ದಿತ್ತು. ಬಡಗಿಯವರು ಹತ್ತಿರ ಬಂದು, ಕೈಕೈ ಹಿಸುಕಿಕೊಂಡು, “ತಪ್ಪಾಯ್ತಣ್ಣ. ಕೋಪ ತಡೀಲಿಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ” ಎಂದರು. ಅದನ್ನು ಕಂಡ ನಗುಮುಖ ಅವರಿಗೆ ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ್ದು ಬಾಯಿಗೂ ಬಂತು. “ಅಯ್ಯೋ, ಇರ್ಲಿ ಬಿಡಪ್ಪ, ಯಾರಿಗಾಗಲ್ಲ ಹೇಳು” ಎಂದುಬಿಟ್ಟರು. ಸರ್ಕಾರಿ ವಕೀಲರು ಕೆಮ್ಮುವಷ್ಟರಲ್ಲಿ ಬೆರಳಚ್ಚುಗಾರ್ತಿಯು ಅದನ್ನು ದಾಖಲಿಸಿಯಾಗಿತ್ತು. ಹೀಗೆ ಬಾಗಿಲೊಡೆದವನನ್ನು ಸರ್ಕಾರವು ತುಂಬಿದ ನ್ಯಾಯಾಲಯದಲ್ಲಿ, ಬೆನ್ನು ತಟ್ಟುವುದೊಂದನ್ನು ಬಿಟ್ಟು ಮಿಕ್ಕೆಲ್ಲ ರೀತಿಯಲ್ಲಿ ಕ್ಷಮಿಸಿದಂತಾಯಿತು. ಈ ಮಾತು ಸರ್ಕಾರದ್ದೇ ಅಥವಾ ಗುಮಾಸ್ತರದೇ ಎಂದು ಲಿಖಿತವಾಗಿ ತಿಳಿಸುವಂತೆ ನ್ಯಾಯಾಧೀಶರು ಇಲಾಖೆಯನ್ನು ಕೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ನಗುಮುಖ ಅವರು ಬಸ್ಸಿನಲ್ಲಿ ಹಿಂದಿರುಗುವಾಗ ತಾವೇ ತಮಗೆ ಹೇಳಿಕೊಂಡರು.

6. ಆದ್ದರಿಂದ, ಸಿಬ್ಬಂದಿಯು ಕರ್ತವ್ಯದಲ್ಲಿರುವಾಗ ಯಾವುದೇ ಒಡೆದ, ಬಿರಿದ, ಹರಿದ ಅಥವಾ ತೂತಾದ ಸ್ವತ್ತಿಗೆ ಸಂಬಂಧಿಸಿದಂತೆ ‘ಇರಲಿ ಬಿಡಿ’ ಎಂಬ ಮಾತನ್ನು ಬಳಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ನಿಷೇಧವು ಕೆಳಕಂಡವುಗಳಿಗೂ ಅನ್ವಯಿಸುತ್ತದೆ:

(ಅ) ‘ಹೋಗ್ಲಿ ಬಿಡಿ’, ‘ಪರವಾಗಿಲ್ಲ’, ‘ಆಗಿದ್ದು ಆಯ್ತು’, ಹಾಗೂ ಕೈಯನ್ನು ಗಾಳಿಯಲ್ಲಿ ಬೀಸಿ ನೊಣ ಓಡಿಸಿದಂತೆ ಮಾಡುವುದು. ನಿಜವಾಗಿಯೂ ನೊಣವಿದ್ದಲ್ಲಿ ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯತಕ್ಕದ್ದು.

(ಆ) ‘ಹೊಟ್ಟೆಗೆ ಹಾಕಿಕೊಳ್ಳಿ’ ಎಂಬ ಕೋರಿಕೆಯನ್ನು ಸ್ವೀಕರಿಸತಕ್ಕದ್ದಲ್ಲ. ಸರ್ಕಾರಕ್ಕೆ ಹೊಟ್ಟೆಯಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ, ಅದನ್ನು ಈ ಉದ್ದೇಶಕ್ಕೆ ಬಳಸಲು ಮಂಜೂರಾತಿ ಇರುವುದಿಲ್ಲ.

(ಇ) ಸಹೋದ್ಯೋಗಿಯು ಚಹಾ ಲೋಟ ಒಡೆದಾಗ ಏನನ್ನಬೇಕೆಂಬ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು. ಅಲ್ಲಿಯವರೆಗೆ ಎಲ್ಲರೂ ಸುಮ್ಮನೆ ಚೂರುಗಳನ್ನು ನೋಡುತ್ತಾ ನಿಲ್ಲತಕ್ಕದ್ದು.

(ಈ) ಸರ್ಕಾರವು ಖಾಸಗಿ ಬಾಗಿಲಿಗಾಗಿ ನೋಯುವುದೇ ಹೊರತು ತನ್ನ ಸ್ವಂತ ಬಾಗಿಲಿಗಾಗಿ ನೋಯುವ ಅವಕಾಶವಿಲ್ಲ. ಈ ಕಚೇರಿಯ ಮುಂಬಾಗಿಲು ಒಂದೇ ಕೀಲಿನ ಮೇಲೆ ನೇತಾಡುತ್ತಿರುವುದನ್ನು ಕಂಡು ಯಾರೂ ಕಣ್ಣೀರು ಹಾಕಿದ್ದು ಈವರೆಗೆ ವರದಿಯಾಗಿಲ್ಲ.

7. ದೂರು ವಾಪಸು ಕೇಳಿದವರು ಸರ್ಕಾರ ಕ್ಷಮಿಸಿದರೆ ಸಂತೋಷಪಡುತ್ತಾರೆಂದು ಊಹಿಸತಕ್ಕದ್ದಲ್ಲ. ಇಲಾಖೆಯು ಹಾಗೆ ಊಹಿಸಿ ಮೋಸಹೋಗಿದೆ. ವಿಚಾರಣೆಯ ಮರುದಿನ ದರ್ಜಿ ಅಕ್ಕ ಬೆನ್ನ ಮೇಲೆ ಬಟ್ಟೆಯ ಗಂಟು ಹೊತ್ತೇ ಕಚೇರಿಗೆ ಬಂದಾಗ, ಧನ್ಯವಾದ ಹೇಳಲು ಬಂದಿದ್ದಾರೆಂದು ತಿಳಿದು ನಗುಮುಖ ಅವರು ಕುರ್ಚಿ ಎಳೆದುಕೊಟ್ಟರು. ಆಕೆ ಕೂರಲಿಲ್ಲ. ಗಂಟನ್ನು ಧೊಪ್ಪೆಂದು ಮೇಜಿನ ಮೇಲೆ ಹಾಕಿ ಹೇಳಿದ್ದನ್ನು, ನಡುವೆ ಬಾಯಿ ಹಾಕಲು ಯಾರಿಗೂ ಧೈರ್ಯ ಬರದ ಕಾರಣ, ಇಲ್ಲಿ ಪೂರ್ತಿಯಾಗಿ ನಮೂದಿಸಲಾಗಿದೆ:

“ನೀವು ಹೆಂಗ್ರೀ ಇರ್ಲಿ ಬಿಡು ಅಂದ್ರಿ? ನಾನು ಅಂದ್ರೆ ಅದು ಬೇರೆ. ದೂರು ವಾಪಸು ಅಂತ ಬರ್ಕೊಟ್ಟಿದ್ದೂ ಅವನು ಎದುರಿಗೆ ನಿಂತಿದ್ದಕ್ಕೆ. ಅವನು ನನ್ನ ಪಕ್ಕದೋನು, ದಿನಾ ಬೆಳಗಾದ್ರೆ ಮುಖ ನೋಡ್ಬೇಕು. ಒಳ್ಳೇ ಮನುಷ್ಯ ಅನ್ನೋದೂ ನಂಗೊತ್ತು. ಆದ್ರೆ ಅಣ್ಣ, ಆಚೆ ಬಾಚಿ ಸದ್ದಾದ್ರೆ ಸಾಕು, ಇಲ್ಲಿ ನನ್ನ ಬೆರಳಿಗೆ ಸೂಜಿ ಚುಚ್ಚುತ್ತೆ. ಇದನ್ನ ಅವನಿಗೆ ಹೇಳಕ್ಕಾಗುತ್ತಾ? ನಾನು ಬೈದ್ರೆ ಜಗಳ. ಸುಮ್ನಿದ್ರೆ ಸದರ. ನೀವು ಬೈದ್ರೆ ಕಾನೂನು. ಅವನನ್ನ ಜೈಲಿಗೆ ಹಾಕಿ ಅಂತ ನಾನು ಅಂದಿಲ್ಲ, ಹಾಕ್ಲೂಬೇಡಿ. ನನ್ನ ಪಾಲಿನ ಕೋಪ ಸ್ವಲ್ಪ ದಿನ ನೀವಿಟ್ಕೊಂಡಿರ್ತೀರಿ ಅಂದ್ಕೊಂಡಿದ್ದೆ ಅಷ್ಟೇ. ನಂಗೆ ಅವನ ಜೊತೆ ಚಹಾ ಕುಡಿಯೋದಿದೆ. ಆ ಕೋಪಾನೂ ಇಟ್ಕೊಳ್ಳಕ್ಕೆ ಆಗ್ಲಿಲ್ವಲ್ಲ ನಿಮ್ ಕೈಲಿ! ನಾಳೆ ಇನ್ನೊಬ್ಬ ಇನ್ನೊಬ್ಬಳ ಬಾಗಿಲಿಗೆ ಬಾಚಿ ಹಿಡ್ಕೊಂಡು ಬರ್ತಾನೆ. ಬಾಚಿ ಹಿಡಿದೋನು ಕ್ಷಮಿಸು ಅಂದ್ರೆ, ಆಗಲ್ಲ ಅನ್ನೋ ಎದೆ ಯಾರಿಗಿದೆ?”

ಇಷ್ಟು ಹೇಳಿ, ಗಂಟನ್ನು ಮತ್ತೆ ಬೆನ್ನಿಗೇರಿಸಿ, ನೇತಾಡುವ ಮುಂಬಾಗಿಲನ್ನು ಸರಿಸಿಕೊಂಡು ಹೊರಟುಹೋದರು. ಗಂಟಿನಿಂದ ಒಂದು ತೋಳಿಲ್ಲದ ಅಂಗಿ ಜಾರಿ ಬಿದ್ದಿದ್ದು, ನಗುಮುಖ ಅವರು ಬೀದಿಯ ತನಕ ಓಡಿ ಅದನ್ನು ತಲುಪಿಸಿದರು. ಹಿಂದಿರುಗುವಾಗ ಅವರ ಕರುಳು ಚುರುಕ್ಕೆಂದಿತ್ತು. ಸರ್ಕಾರಕ್ಕೆ ಕರುಳಿರುವ ಬಗ್ಗೆ ದಾಖಲೆಗಳು ಲಭ್ಯವಿಲ್ಲದ ಕಾರಣ ಇದನ್ನು ಗುಮಾಸ್ತರ ಸ್ವಂತ ಕರುಳೆಂದೇ ಪರಿಗಣಿಸಲಾಗಿದೆ. ಆ ದಿನ ಚಹಾ ಬಂದಾಗ ಅವರು ಅತ್ತ ನೋಡಲಿಲ್ಲ. ತರಬೇತಿಯ ಮೂರನೆಯ ವಿಷಯದಲ್ಲಿ ಅವರನ್ನು ಉತ್ತೀರ್ಣರೆಂದು ಘೋಷಿಸಲಾಗಿದೆ.

8. ಖಾಸಗಿ ಸ್ವತ್ತಿಗೆ ಹಾನಿಯಾದಾಗ ಸರ್ಕಾರ ಏಕೆ ಮೊಕದ್ದಮೆ ಹೂಡುತ್ತದೆ ಎಂದು ಇನ್ನು ಮುಂದೆ ಯಾರಾದರೂ, ಕಿಟಕಿಯಲ್ಲಾಗಲಿ ಮೆಟ್ಟಿಲಲ್ಲಾಗಲಿ, ಕೇಳಿದಲ್ಲಿ ಸಿಬ್ಬಂದಿಯು ಕೆಳಕಂಡಂತೆ ಉತ್ತರಿಸತಕ್ಕದ್ದು: ಒಡೆದದ್ದು ಅಕ್ಕನ ಬಾಗಿಲು, ಬೆಚ್ಚಿದ್ದು ಇಡೀ ಬೀದಿ. ಪಕ್ಕದವರೊಡನೆ ಬಾಳಬೇಕಾದವರಿಗೆ ವೈರ ಸಾಕುವುದು ಕಷ್ಟವಾದ್ದರಿಂದ, ಆ ವೈರವನ್ನು ಸರ್ಕಾರವು ತನ್ನ ಕಪಾಟಿನಲ್ಲಿ ಇರಿಸಿಕೊಳ್ಳುತ್ತದೆ. ಚಹಾವನ್ನು ಅವರವರೇ ಕುಡಿದುಕೊಳ್ಳತಕ್ಕದ್ದು.

9. ಅದರಂತೆ, ನ್ಯಾಯಾಧೀಶರು ಕೇಳಿದ್ದಕ್ಕೆ, ‘ಇರ್ಲಿ ಬಿಡಪ್ಪ’ ಎಂಬ ಮಾತು ಗುಮಾಸ್ತರದು, ನೋವು ಸರ್ಕಾರದ್ದು, ಎರಡನ್ನೂ ಬೆರೆಸಬಾರದೆಂದು ಇಲಾಖೆಯು ಉತ್ತರಿಸಿತು. ನ್ಯಾಯಾಲಯವು ಬಡಗಿಯವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ, ಜೈಲು ಬೇಡವೆಂದು ಕಂಡು, ತಮ್ಮ ಖರ್ಚಿನಲ್ಲಿ ಹೊಸ ಬಾಗಿಲು ಮಾಡಿಕೊಡಬೇಕು, ಇನ್ನು ಯಾರ ಸ್ವತ್ತಿನ ಮೇಲೂ ಬಾಚಿ ಎತ್ತುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು, ಮತ್ತು ನೊಂದವರಿಂದ ಬೈಸಿಕೊಳ್ಳಬೇಕು ಎಂದು ಆದೇಶಿಸಿತು. ನೊಂದವರ ಪರವಾಗಿ ನಗುಮುಖ ಅವರು ಮುಂದೆ ಬಂದರು. ಬೈಗುಳದ ಕರಡನ್ನು ಇಲಾಖೆಯು ಬರೆದುಕೊಟ್ಟಿತ್ತು. ಅದರ ಮೊದಲ ವಾಕ್ಯವೇ ಒಂದೂವರೆ ಪುಟವಿತ್ತು. ಅವರು ಅದನ್ನು ಜೇಬಿನಿಂದ ತೆಗೆಯಲಿಲ್ಲ. ಹುಬ್ಬನ್ನೂ ಗಂಟಿಕ್ಕಲಿಲ್ಲ. ಬಡಗಿಯವರ ಮುಖ ನೋಡಿ, “ಅಕ್ಕ ಆವತ್ತು ಬರಿಗೈಲಿ ನಿಂತಿದ್ಲು ಕಣಯ್ಯ. ನಿನ್ನ ಕೈಲಿ ಬಾಚಿ ಇತ್ತು” ಎಂದಷ್ಟೇ ಹೇಳಿದರು.

ಬಡಗಿಯವರು ಅಲ್ಲಿಯವರೆಗೆ ಬಾಗಿಲನ್ನೇ ಲೆಕ್ಕ ಹಾಕುತ್ತಿದ್ದವರು, ಮೊದಲ ಬಾರಿಗೆ ತಿರುಗಿ ಅಕ್ಕನ ಕೈ ನೋಡಿದರು. ಸೂಜಿ ಚುಚ್ಚಿದ ಬೆರಳ ತುದಿಗಳಿಗೆ ಬಟ್ಟೆಯ ಚೂರು ಸುತ್ತಿತ್ತು. ಅವರ ಕಣ್ಣು ತುಂಬಿ ಬಂತು. “ಬರೀ ಬಾಗಿಲು ಒಡೆದೆ ಅಂದ್ಕೊಂಡಿದ್ದೆ ಅಕ್ಕಾ, ನಿಂಗೆ ಹೆದರಿಕೆ ಆಗಿತ್ತು ಅಂತ ಗೊತ್ತೇ ಆಗ್ಲಿಲ್ಲ” ಎಂದರು. ಆಗ ದರ್ಜಿ ಅಕ್ಕ, “ಇರ್ಲಿ ಬಿಡೋ ಮಾರಾಯ, ಮೂಗು ಒರೆಸ್ಕೋ” ಎಂದರು. ಆಕೆಯು ಖಾಸಗಿ ವ್ಯಕ್ತಿಯಾಗಿರುವುದರಿಂದ ಸದರಿ ಮಾತಿಗೆ ಆರನೆಯ ನಿಯಮವು ಅನ್ವಯಿಸುವುದಿಲ್ಲ. ಬೆರಳಚ್ಚುಗಾರ್ತಿಯು ಇದನ್ನೂ ದಾಖಲಿಸಿದ್ದು, ಯಾರೂ ಕೆಮ್ಮಲಿಲ್ಲ.

10. ಹೊಸ ಬಾಗಿಲನ್ನು ನಗುಮುಖ ಅವರು ಖುದ್ದಾಗಿ ಪರಿಶೀಲಿಸಿರುತ್ತಾರೆ. ಕಿರುಬೆರಳಿನಿಂದ ದೂಡಿದರೂ ಸದ್ದಿಲ್ಲದೆ ತೆರೆಯುತ್ತದೆ. ನೆಲದಿಂದ ಬೇಕಾದಷ್ಟು ಅಂತರ ಬಿಡಲಾಗಿದ್ದು, ಬೆಕ್ಕಿಗಾಗಿ ಕೆಳಮೂಲೆಯಲ್ಲಿ ಸಣ್ಣ ಕಿಂಡಿಯೊಂದನ್ನು ಆದೇಶದಲ್ಲಿಲ್ಲದಿದ್ದರೂ ಮಾಡಲಾಗಿದೆ. ಸರ್ಕಾರದ ನೋವು ಶಮನವಾಗಿದೆಯೆಂದು ಪ್ರಮಾಣೀಕರಿಸಿ ಕಡತವನ್ನು ಮುಚ್ಚಲಾಗಿದೆ. ಮುಚ್ಚುವುದು ಹೇಗೆಂದು ಯಾರಿಗೂ ಗೊತ್ತಿಲ್ಲದ ಕಾರಣ ದಾರದಿಂದ ಎರಡು ಸುತ್ತು ಕಟ್ಟಿ, ಮೇಜಿನ ಇನ್ನೊಂದು ಕುಂಟು ಕಾಲಿನ ಕೆಳಗೆ ಇಡಲಾಗಿದೆ.

ಷರಾ: ಈ ಸುತ್ತೋಲೆಯ ಕರಡನ್ನು ನಗುಮುಖ ಅವರೇ ಸಿದ್ಧಪಡಿಸಿದ್ದು, ಅದರ ಅಂಚಿನಲ್ಲಿ ಮುಖ್ಯಾಧಿಕಾರಿಗಳು ಸ್ವಹಸ್ತದಿಂದ, “ಸುತ್ತೋಲೆ ಬರೆಯಲು ಹೇಳಿದರೆ ಕಥೆ ಬರೆದಿದ್ದೀರಿ. ಇರಲಿ ಬಿಡಿ” ಎಂದು ಬರೆದಿರುತ್ತಾರೆ. ಈ ಮಾತು ಯಾವುದೇ ಒಡೆದ ಸ್ವತ್ತಿಗೆ ಸಂಬಂಧಿಸಿರದ ಕಾರಣ ಅವರ ವಿರುದ್ಧ ಕ್ರಮ ಕೈಗೊಳ್ಳುವ ಪ್ರಸ್ತಾಪವನ್ನು ಕೈಬಿಡಲಾಗಿದೆ.

ಸಹಿ/-
(ನಗದೆ ಮಾಡಿದ್ದು)
ಮುಖ್ಯಾಧಿಕಾರಿ
ಮೊಹರು: ತಲೆಕೆಳಗಾಗಿ ಬಿದ್ದಿದೆ, ಆದರೂ ಮಾನ್ಯ

ಪ್ರತಿಗಳು:

1. ಎಲ್ಲ ವಿಭಾಗಗಳ ಸಿಬ್ಬಂದಿಗೆ: ಓದಿ, ಅರ್ಥವಾಗದಿದ್ದಲ್ಲಿ ಸಹಿ ಮಾತ್ರ ಮಾಡುವುದು.

2. ಸರ್ಕಾರಿ ವಕೀಲರಿಗೆ: ಮುಂದಿನ ಸಲ ಬೇಗ ಕೆಮ್ಮುವಂತೆ ಕೋರಿ.

3. ನಗುಮುಖ ಅವರ ಪತ್ನಿಯವರಿಗೆ: ಸದರಿಯವರ ಹೊಟ್ಟೆ ಚೆನ್ನಾಗಿದೆ. ಇಂದಿನಿಂದ ಅವರು ಮನೆಯಲ್ಲಿ ನಗಲು ನಿರ್ಬಂಧವಿಲ್ಲ.

4. ಬಡಗಿಯವರಿಗೆ: ಮುಚ್ಚಳಿಕೆಯ ಜೊತೆ ಒಪ್ಪಿಸಿದ್ದ ಬಾಚಿಯನ್ನು ಹಿಂದಿರುಗಿಸಲಾಗುವುದು. ಅದನ್ನು ಪಡೆಯಲು ಬಂದಾಗ ಈ ಕಚೇರಿಯ ಮುಂಬಾಗಿಲ ಕೀಲನ್ನೂ ಒಮ್ಮೆ ನೋಡಿಹೋಗುವುದು. ಯಾರೂ ಏನೂ ಅನ್ನುವುದಿಲ್ಲ.

5. ಬೆಕ್ಕಿಗೆ: ಕಿಂಡಿಯ ಬಳಿ ಅಂಟಿಸಲಾಗಿದೆ.

6. ಕಚೇರಿ ಪ್ರತಿ: ಮೇಜಿನ ಮೂರನೆಯ ಕಾಲಿಗೆ.

7. ದರ್ಜಿ ಅಕ್ಕನವರಿಗೆ: ಇಂದು ಸಂಜೆಯಿಂದ ಬಟ್ಟೆಯ ಗಂಟನ್ನು ಅಂಗಡಿಯಲ್ಲೇ ಬಿಟ್ಟು, ಬಾಗಿಲು ಹಾಕಿಕೊಂಡು ಮನೆಗೆ ಹೋಗಲು ಅನುಮತಿಸಲಾಗಿದೆ. ಆದರೆ ಅವಸರವಾಗಿ ಹಾಕುವ ಅಗತ್ಯವಿಲ್ಲ. ಪಕ್ಕದ ಅಂಗಡಿಯಿಂದ ಒಂದು ಜಗ್ಗು ಚಹಾ ಹೊರಟಿರುವುದಾಗಿ ತಿಳಿದುಬಂದಿದೆ.